ಗುಲಾಬಿ ಚಹಾ

ಮೇಸ್ತ್ರಿ ಬಾಯಲ್ಲಿದ್ದುದನ್ನು ನುಂಗಲಿಲ್ಲ. ಕುರ್ಚಿಯಿಂದ ಎದ್ದು, ಕೆನ್ನೆ ಉಬ್ಬಿಸಿಕೊಂಡೇ ಅಡುಗೆಮನೆಯ ತನಕ ನಡೆದು, ಸಿಂಕಿಗೆ ಉಗಿದು, ನಲ್ಲಿ ತಿರುಗಿಸಿ ಎರಡು ಸಲ ಬಾಯಿ ಮುಕ್ಕಳಿಸಿದ. ಬಿಳಿ ಸಿಂಕಿನ ಮೇಲೆ ಕೆಂಪು ನೀರು ಸುತ್ತಿ ಸುತ್ತಿ ಇಳಿದುಹೋಯಿತು.

"ಏನಂತೆ ಇದು?" ಎಂದು ಅಲ್ಲಿಂದಲೇ ಕೇಳಿದ.

ಹೆಂಡತಿ ಬಸಿಯ ಪಕ್ಕದಲ್ಲಿದ್ದ ಪೊಟ್ಟಣದ ಹೊದಿಕೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದಳು. "ದಾಸವಾಳ ಮತ್ತು ಕಾಡುಹಣ್ಣು. ಹಗುರವಾದ ಹುಳಿ, ಮನಸ್ಸಿಗೆ ಉಲ್ಲಾಸ ಅಂತ ಬರೆದಿದೆ."

"ಉಲ್ಲಾಸವಂತೆ. ತುಕ್ಕು ಹಿಡಿದ ಮೊಳೆ ನೆನೆಹಾಕಿದ ನೀರು ಹೀಗೇ ಇರುತ್ತೆ. ನೀನು ಅದ್ಹೇಗೆ ಕುಡೀತಿದೀಯ ಅದನ್ನ?"

"ನಂಗೇನೋ ಚೆನ್ನಾಗಿದೆ. ಹಗುರವಾಗಿ ಹುಳಿ ಹುಳಿ." ಅವಳು ಲೋಟ ಎತ್ತಿ ಇನ್ನೊಂದು ಗುಟುಕು ಕುಡಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಮೇಸ್ತ್ರಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಾಗಿಲಿಂದ ಕಿಟಕಿಯವರೆಗೆ ಬಿಚ್ಚಿಟ್ಟ ಯಂತ್ರಗಳು, ಬಾಬಿನ್ ತುಂಬಿದ ಬಿಸ್ಕತ್ತಿನ ಡಬ್ಬಿಗಳು, ಗೋಡೆಗೆ ತೂಗುಬಿಟ್ಟ ಚರ್ಮದ ಬೆಲ್ಟುಗಳು. ಮೂವತ್ತೈದು ವರ್ಷ ಆ ಕೋಣೆಯಲ್ಲಿ ಕೂತು ಅವನು ಸಂಪಾದಿಸಿದ್ದು ಎರಡು: ಚಕ್ರ ತಿರುಗುವ ಸದ್ದಿನಲ್ಲೇ ಯಂತ್ರದ ಕಾಯಿಲೆ ಹೇಳುವ ಕಿವಿ, ಮತ್ತು ಚಹಾದ ಚಟ. ಕುದಿದು ಕುದಿದು ಇಟ್ಟಿಗೆ ಬಣ್ಣಕ್ಕೆ ಬಂದ ಚಹಾ, ಗಟ್ಟಿ ಹಾಲು, ಮೂರು ಚಮಚ ಸಕ್ಕರೆ, ದಿನಕ್ಕೆ ಆರು ಲೋಟ. ಬೇಸಿಗೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ವರದಿಯನ್ನು ಎರಡು ಸಲ ನೋಡಿ, ಸಕ್ಕರೆ ಬಂದ್, ಈ ಚಹಾನೂ ಬಂದ್ ಎಂದುಬಿಟ್ಟರು. ಅಪ್ಪನ ಮುಖ ನೋಡಲಾರದೆ ಮಗಳು ಒಂದು ಭಾನುವಾರ ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಹಾಲು ಬೇಡದ, ಸಕ್ಕರೆ ಬೇಡದ, ಹೂವಿನ, ಹಣ್ಣಿನ, ಸೊಪ್ಪಿನ ಚಹಾಗಳು. ಇಪ್ಪತ್ತನಾಲ್ಕು ಬಗೆ, ಒಂದೊಂದರಲ್ಲೂ ಎರಡೆರಡು ಪೊಟ್ಟಣ.

"ಅಪ್ಪ, ದಿನಕ್ಕೊಂದು ಕುಡಿದು ನೋಡು. ಹೇಗಿತ್ತು ಅಂತ ಬರೆದಿಡು. ಯಾವುದು ಹಿಡಿಸುತ್ತೋ ಅದನ್ನೇ ತಂದುಕೊಡ್ತೀನಿ."

"ಯಾವುದೂ ಹಿಡಿಸದಿದ್ರೆ?"

"ಇಪ್ಪತ್ತನಾಲ್ಕರಲ್ಲಿ ಒಂದಾದ್ರೂ ಹಿಡಿಸುತ್ತಪ್ಪ." ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. "ದಿನಾ ನೋಡ್ತೀನಲ್ಲ. ಎಂಥ ಹಟಮಾರಿ ಕಣ್ಣಿಗೂ ಒಂದು ಗಾಜು ಸಿಕ್ಕೇ ಸಿಗುತ್ತೆ."

"ಎರಡೆರಡು ಪೊಟ್ಟಣ ಇದೆಯಲ್ಲ," ಎಂದಳು ಹೆಂಡತಿ. "ನಿಮ್ಮಪ್ಪ ಒಬ್ಬರೇ ಯಾಕೆ ಅನುಭವಿಸಬೇಕು. ನಾನೂ ಜೊತೆಗೆ ಅದನ್ನೇ ಕುಡೀತೀನಿ."

ಹೀಗೆ ಶುರುವಾಯಿತು. ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವಳು. ಬೆಳಗಿನ ಐದಕ್ಕೆ ಹೊರಟರೆ ಮನೆಗೆ ಬರುವುದು ಮೂರೂವರೆಗೆ. ನಾಲ್ಕಕ್ಕೆ ಇಬ್ಬರೂ ಒಳಗಿನ ಮೇಜಿಗೆ ಕೂತು ಆ ದಿನದ ಪೊಟ್ಟಣ ಹರಿಯುತ್ತಿದ್ದರು. ಮೇಸ್ತ್ರಿ ಒಂದು ಹಳೇ ಡೈರಿ ಹುಡುಕಿ, ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ತನ್ನ ಅಭಿಪ್ರಾಯ, ಬಲಕ್ಕೆ ಹೆಂಡತಿಯದು ಎಂದು ಬರೆಯತೊಡಗಿದ.

ಮಲ್ಲಿಗೆ: ಸೆಂಟು ಹಚ್ಚಿಕೊಂಡವರು ಕೈ ತೊಳೆದ ನೀರು. ಸೇಬು ಮತ್ತು ದಾಲ್ಚಿನ್ನಿ: ಮುಚ್ಚಿದ ಬೀರುವಿನಲ್ಲಿ ಹಣ್ಣು ಮರೆತು ಊರಿಗೆ ಹೋದ ಹಾಗೆ. ಜ್ಯೇಷ್ಠಮಧು: ಕೆಮ್ಮಿನ ಔಷಧಿ, ಕೆಮ್ಮೇ ಇಲ್ಲದವನಿಗೆ. ಯಾವುದೋ ಹಳದಿ ಹೂವಿನ ಚಹಾ ಕುಡಿದ ದಿನ ಅವನು ತುಂಬ ಹೊತ್ತು ಯೋಚಿಸಿ, ಹಸು ಅರ್ಧ ಅಗಿದು ಮನಸ್ಸು ಬದಲಾಯಿಸಿದ ಹುಲ್ಲು ಎಂದು ಬರೆದ. ಪುದೀನ ಮತ್ತು ಚಾಕೊಲೇಟಿನದಂತೂ ಗಂಟಲಿಂದ ಇಳಿಯಲೇ ಇಲ್ಲ. ಹಲ್ಲುಜ್ಜಿ ಉಗುಳುವ ಮುಂಚೆಯೇ ಯಾರೋ ಬಾಯಿಗೆ ಮಿಠಾಯಿ ತುರುಕಿದಂತಿತ್ತು ಅದು. ಶುಂಠಿ ಮತ್ತು ನಿಂಬೆಯ ಮೇಲೆ ಸ್ವಲ್ಪ ಆಸೆ ಇಟ್ಟುಕೊಂಡಿದ್ದ. ಅದು ಪಾತ್ರೆ ತೊಳೆಯುವ ಸಾಬೂನಿನ ಕಡೆಯ ಸಂಬಂಧಿ ಎಂದು ಮೊದಲ ಗುಟುಕಿಗೇ ಗೊತ್ತಾಯಿತು.

ಕುಡಿಯುವುದು ಒಂದು ಲೋಟವಾದರೂ ಅಸಹ್ಯ ಇಡೀ ಮನೆಗೆ ಹಬ್ಬಿತು. ಪೆಟ್ಟಿಗೆ ಇಟ್ಟಿದ್ದ ಕಪಾಟಿನ ಅಕ್ಕಿಗೆ ವೆನಿಲಾ ವಾಸನೆ ಹತ್ತಿತು, ರೊಟ್ಟಿಗೆ ಕಿತ್ತಳೆ ಸಿಪ್ಪೆಯ ವಾಸನೆ. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದರೆ ಬೇಯಿಸಿದ ಆಲೂಗಡ್ಡೆಯೂ ಹೂವಿನಂತೆ ನಾರುತ್ತಿತ್ತು. ಮೇಸ್ತ್ರಿ ಪೆಟ್ಟಿಗೆಯನ್ನು ಎರಡು ಸಲ ಹೊರಗಿಟ್ಟ. ಎರಡು ಸಲವೂ ಹೆಂಡತಿ ಅದನ್ನು ವಾಪಸು ಒಳಗೆ ತಂದಿಟ್ಟಳು.

"ನಿಂಗೇನೂ ಅನ್ಸಲ್ವಾ?" ಎಂದು ಅವನು ರೇಗಿದ.

"ಏನನ್ಸಬೇಕು? ಒಳ್ಳೇ ಘಮಲು ತಾನೆ."

ಬಲಗಡೆಯ ಸಾಲಿನಲ್ಲಿ ಬರೆಯಲು ಹೆಚ್ಚೇನೂ ಇರುತ್ತಿರಲಿಲ್ಲ. ಚೆನ್ನಾಗಿದೆ. ಹಿತವಾಗಿದೆ. ತಂಪಾಗಿದೆ. ಇವಳಿಗೆ ಯಾವಾಗಲೂ ಹೊಂದಿಕೊಂಡು ಹೋಗುವ ಸ್ವಭಾವ ಎಂದುಕೊಂಡು ಮೇಸ್ತ್ರಿ ಬರೆದುಹಾಕುತ್ತಿದ್ದ.

ಹತ್ತನೆಯದೋ ಹನ್ನೊಂದನೆಯದೋ ಚಹಾದ ದಿನ ಅವಳು ಒಂದು ಗಂಟೆ ತಡವಾಗಿ ಬಂದಳು. ಊಟ ಬಡಿಸಿಕೊಂಡು ಕೂತವಳು ಅನ್ನ ಕಲಸುತ್ತಲೇ ಹೇಳಿದಳು. ಬೆಳಿಗ್ಗೆ ಎರಡನೇ ಮಹಡಿಯ ರೋಗಿಗಳಿಗೆ ಹೋದ ರವೆ ಗಂಜಿಯಲ್ಲಿ ಫಿನೈಲ್ ಇತ್ತಂತೆ. ಮೂವತ್ತು ಜನ ಕುಡಿದಿದ್ದಾರೆ. ಎಂಟು ಜನ ವಾಂತಿ ಮಾಡಿಕೊಂಡಿದ್ದಾರೆ. ಒಬ್ಬ ಮುದುಕಿಗೆ ಡ್ರಿಪ್ ಹಾಕಿದ್ದಾರೆ, ಈಗ ಪರವಾಗಿಲ್ಲ. ಒಲೆಯಿಂದ ಇಳಿಸಿದಾಗ ಗಂಜಿ ಸರಿಯಾಗಿತ್ತಾ ಎಂದು ಸೂಪರಿಂಟೆಂಡೆಂಟು ಕೇಳಿದರು. ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುವುದು ಮುಖ್ಯ ಅಡುಗೆಯವಳ ಕೆಲಸ, ಸಹಿ ಇತ್ತು. ಪಾತ್ರೆಯಲ್ಲಿ ಸರಿಯಿದ್ದದ್ದು ವಾರ್ಡಿನಲ್ಲಿ ಕೆಟ್ಟಿದೆ ಎಂದರೆ ನಡುವೆ ಗಂಜಿ ಹೊತ್ತ ಕ್ಯಾನುಗಳದ್ದೇ ತಪ್ಪು. ಅವನ್ನು ತೊಳೆಯುವವಳನ್ನು ಕರೆಸಿ, ನಾಳೆಯಿಂದ ಬರಬೇಡ ಎಂದರು.

"ಅವಳು ಏನಂದ್ಲು?"

"ಬಿಸಿನೀರಲ್ಲೇ ತೊಳೆದಿದ್ದೆ ಅಂದ್ಲು. ಮೂರು ಸಲ ಅಂದ್ಲು."

"ಹಾಗಂತಾರೆ ಎಲ್ಲರೂ. ನೆಲ ಒರೆಸೋ ಬಕೆಟ್ಟಲ್ಲೇ ಅದ್ದಿರ್ತಾಳೆ, ಸೋಮಾರಿ. ಥೂ. ಕಾಯಿಲೆಯವರು ಕುಡಿಯೋ ಗಂಜಿ. ಅಂಥವಳನ್ನ ಒಳಗೇ ಬಿಡಬಾರದಿತ್ತು."

ಹೆಂಡತಿ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದಳು. ಅವತ್ತಿನ ಚಹಾ ಸೋಂಪಿನದು.

ಅದಾದ ಮೇಲಿನ ವಾರ ಭಾನುವಾರ ಮೇಸ್ತ್ರಿಗೆ ಒಂದು ತರಲೆ ಹೊಳೆಯಿತು. ಇಷ್ಟು ದಿನ ಒಂದೂ ಬಿಡದೆ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಾಳಲ್ಲ, ಇವಳನ್ನು ಒಂದು ಸಲವಾದರೂ ಥೂ ಎನ್ನಿಸಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಹೊಗೆ ಹಾಕಿ ಒಣಗಿಸಿದ್ದು ಎಂಬ ಒಂದು ಚಹಾ ಇತ್ತು. ಪೊಟ್ಟಣ ಹರಿಯುವ ಮುಂಚೆಯೇ ಅದರ ನಾತ ಮೂಗಿಗೆ ಹೊಡೆಯುತ್ತಿತ್ತು: ಮೋಟಾರಿನ ಕಾಯಿಲ್ ಸುಟ್ಟು ಕರಕಲಾದಾಗ ಬರುವ ವಾಸನೆ. ಅವತ್ತು ನೀರು ಕಾಯಿಸಿದ್ದು ಅವನೇ. ತನ್ನ ಲೋಟಕ್ಕೆ ಗುಲಾಬಿಯ ಪೊಟ್ಟಣ ಬಿಟ್ಟುಕೊಂಡು, ಅವಳ ಲೋಟಕ್ಕೆ ಹೊಗೆಯದನ್ನು ಬಿಟ್ಟ. ಬಣ್ಣ ಬಿಟ್ಟ ಮೇಲೆ ಎರಡನ್ನೂ ತೆಗೆದೆಸೆದು, ಅವಳ ಬಸಿಯ ಪಕ್ಕದಲ್ಲಿ ಗುಲಾಬಿಯ ಹೊದಿಕೆ ಇಟ್ಟ.

ಅವಳು ಹೊದಿಕೆ ಓದಿದಳು. ಲೋಟ ಎತ್ತಿ, ಊದಿ, ಕುಡಿದಳು. ಮೇಸ್ತ್ರಿ ನಗು ಒಳಗೇ ಹಿಡಿದುಕೊಂಡು ಕಾದ. ಮೇಜಿನ ಈಚೆ ಕಡೆ ಕೂತಿದ್ದ ಅವನೇ ಆ ಕರಕಲು ನಾತಕ್ಕೆ ಕುರ್ಚಿ ಹಿಂದಕ್ಕೆ ಸರಿಸಿಕೊಂಡ.

"ಚೆನ್ನಾಗಿದೆ," ಎಂದಳು. "ಗುಲಾಬಿ ಘಮಘಮ ಅಂತಿದೆ."

ಮೇಸ್ತ್ರಿ ನಕ್ಕುಬಿಟ್ಟ. ಅವಳೂ ನಕ್ಕಳು, ಆದರೆ ಅವಳ ಕಣ್ಣು ನಗಲಿಲ್ಲ. ಅವು ಅವನ ಮುಖದ ಮೇಲೆ ನೆಟ್ಟಿದ್ದವು. ಉತ್ತರ ಹೇಳಿದ ಮಗು ಸರಿಯೋ ತಪ್ಪೋ ಎಂದು ಮಾಸ್ತರರ ಮುಖ ನೋಡುತ್ತದಲ್ಲ, ಹಾಗೆ. ಮೇಸ್ತ್ರಿಯ ನಗು ಅಲ್ಲೇ ನಿಂತಿತು.

"ಯಾಕೆ ನಕ್ಕಿದ್ದು?"

"ಏನಿಲ್ಲ. ಗುಲಾಬಿ ಅಂದಿಯಲ್ಲ, ಅದಕ್ಕೆ."

ಅವಳು ಲೋಟ ಪೂರ್ತಿ ಖಾಲಿ ಮಾಡಿದಳು.

ಅವಳು ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಮೇಸ್ತ್ರಿ ಡೈರಿ ತೆಗೆದು ಬಲಗಡೆಯ ಸಾಲನ್ನು ಮೊದಲಿಂದ ಓದಿದ. ಆಮೇಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಹೊದಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದ. ಹಗುರವಾದ ಹುಳಿ. ಹಿತವಾದ ಸಿಹಿ. ಮೈಮನಕ್ಕೆ ತಂಪು. ಅವಳು ಹೇಳಿದ ಮಾತುಗಳೆಲ್ಲ ಹೊದಿಕೆಯ ಮೇಲೆ ಅಚ್ಚಾದವೇ. ಒಂದು ಮಾತೂ ಅವಳ ನಾಲಿಗೆಯಿಂದ ಬಂದದ್ದಲ್ಲ.

ಮರುದಿನ ಅವನು ಒಂದು ಯಂತ್ರದ ಹೊಟ್ಟೆ ಬಿಚ್ಚಿ, ಜಿಡ್ಡು ಕರಗಿಸಲು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಸುಮ್ಮನೆ ಕೂತ. ಎರಡೂ ಕೈ ಮೊಣಕೈ ತನಕ ನಾರುತ್ತಿದ್ದವು. ಮದುವೆಯಾದಾಗಿನಿಂದ ಈ ವಾಸನೆಗೆ ಅವಳು ಮಾಡಿದ ಜಗಳಕ್ಕೆ ಲೆಕ್ಕವಿಲ್ಲ. ಸಾಬೂನಿನಲ್ಲಿ ತೊಳೆದು ಬನ್ನಿ, ನಿಂಬೆ ಸಿಪ್ಪೆ ಉಜ್ಜಿಕೊಂಡು ಬನ್ನಿ, ಅಲ್ಲಿಯವರೆಗೆ ತಟ್ಟೆ ಮುಟ್ಟಬೇಡಿ ಎನ್ನುತ್ತಿದ್ದಳು. ಈಚೆಗೆ ಆ ಜಗಳ ನಿಂತುಹೋಗಿತ್ತು. ಕೊನೆಗೂ ನಾನೇ ಗೆದ್ದೆ ಎಂದು ಅವನು ಒಳಗೊಳಗೇ ಬೀಗಿದ್ದ. ಯಾವಾಗ ನಿಂತಿತು ಎಂದು ಯೋಚಿಸಿದರೆ, ಚಳಿಗಾಲದಲ್ಲಿ ಅವಳು ಜ್ವರದಿಂದ ಹತ್ತು ದಿನ ಮಲಗಿ ಎದ್ದ ಮೇಲೆ. ಊಟಕ್ಕೆ ಕೂತಾಗಲೆಲ್ಲ ಉಪ್ಪು ಸರಿ ಇದೆಯೇನ್ರೀ ಎಂದು ಕೇಳಲು ಶುರುಮಾಡಿದ್ದೂ ಆಗಲೇ. ಅದನ್ನು ಅವನು ಪ್ರೀತಿ ಎಂದುಕೊಂಡಿದ್ದ.

ಆಮೇಲೆ ಗಂಜಿಯ ವಿಷಯ ನೆನಪಾಯಿತು.

ಅವಳು ಬಂದು ಕೈಕಾಲು ತೊಳೆದು ಮೇಜಿಗೆ ಕೂತಾಗ ಮೇಸ್ತ್ರಿ ನೀರು ಕಾಯಿಸಿರಲಿಲ್ಲ. ಕೈ ಕೂಡ ತೊಳೆದಿರಲಿಲ್ಲ. ಅವಳ ಮುಖದ ಮುಂದೆ ಅಂಗೈ ಚಾಚಿ ಹಿಡಿದ.

"ಏನು?" ಎಂದಳು ಅವಳು. ಕೈಯನ್ನು ನೋಡಿದಳು, ಗಾಯ ಹುಡುಕುವವಳ ಹಾಗೆ.

"ವಾಸನೆ ನೋಡು."

ಅವಳು ನೋಡಲಿಲ್ಲ. ಸೆರಗಿನ ತುದಿ ಹಿಡಿದು ಒಣಗಿದ್ದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ನಿನ್ನೆ ನೀನು ಕುಡಿದದ್ದು ಗುಲಾಬಿ ಅಲ್ಲ," ಎಂದ ಮೇಸ್ತ್ರಿ. ದನಿ ಎತ್ತರಿಸಲಿಲ್ಲ. "ಎಷ್ಟು ದಿನದಿಂದ?"

"ಜ್ವರ ಬಂತಲ್ಲ. ಆವಾಗಿಂದ." ಅವಳು ಸೆರಗು ಬಿಟ್ಟು ಕೈ ಮೇಜಿನ ಮೇಲಿಟ್ಟಳು. "ವಾಸನೆ ಒಂಚೂರೂ ಇಲ್ಲ. ಬಾಯಿಗೆ ಬಿಸಿಯೋ ತಣ್ಣಗೋ ಗೊತ್ತಾಗುತ್ತೆ. ಉಪ್ಪು ಜಾಸ್ತಿ ಆದ್ರೆ ನಾಲಿಗೆ ಚುರ್ ಅನ್ನುತ್ತೆ. ಅಷ್ಟೇ. ಉಳಿದದ್ದೆಲ್ಲ ಒದ್ದೆ ರಟ್ಟು ಅಗಿದ ಹಾಗೆ."

"ಮತ್ತೆ ಅಷ್ಟು ಜನರ ಅಡುಗೆ?"

"ಇಪ್ಪತ್ತೆರಡು ವರ್ಷದ ಕೈ ಅಲ್ವಾ. ಚಮಚ ಎಣಿಸಿ ಹಾಕ್ತೀನಿ. ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂದ್ಕೊಂಡೇ ದಿನ ದೂಡಿದೆ. ಮೂಗಿಲ್ಲದ ಅಡುಗೆಯವಳನ್ನ ಯಾರು ಇಟ್ಕೋತಾರೆ ಹೇಳಿ."

ಹೊರಗೆ ಯಾರೋ ಅಂಗಡಿಯ ಬಾಗಿಲು ಬಡಿದರು. ಮೇಸ್ತ್ರಿ ಏಳಲಿಲ್ಲ. ಬಡಿದವರು ಸ್ವಲ್ಪ ಕಾದು ಹೊರಟುಹೋದರು.

"ಆ ಗಂಜಿ," ಎಂದ.

"ರವೆ ಚೀಲದ ಒಂದು ಮೂಲೆ ಒದ್ದೆ ಇತ್ತು. ಉಗ್ರಾಣದಲ್ಲಿ ನೀರು ಸೋರಿರಬೇಕು ಅಂದ್ಕೊಂಡೆ. ಉಳಿದವರು ನೆಲ ಒರೆಸಿದ ವಾಸನೆ ಅಂದ್ಕೊಂಡಿದ್ದಾರೆ. ಮಧ್ಯಾಹ್ನ ಹೋಗಿ ನೋಡಿದ್ರೆ, ಚೀಲದ ಮೇಲಿನ ಹಲಗೇಲಿ ಫಿನೈಲ್ ಕ್ಯಾನು ಸೀಳು ಬಿಟ್ಟಿದೆ. ರುಚಿ ನೋಡಿದ್ದೆ ಕಣ್ರೀ. ಚಮಚ ಬಾಯಿಗಿಟ್ಟೆ. ಬಿಸಿಯಿತ್ತು. ಸಹಿ ಹಾಕಿದೆ."

ಮೇಸ್ತ್ರಿ ಬಾಯಿಗೆ ಬಂದದ್ದನ್ನು ಆಡಿದ. ನಡೆದದ್ದು ನಡೆದುಹೋಯಿತು, ಯಾರೂ ಸಾಯಲಿಲ್ಲ. ಫಿನೈಲ್ ಅಲ್ಲಿಟ್ಟವರದೂ ತಪ್ಪಿದೆ. ನಿವೃತ್ತಿಗೆ ಇನ್ನು ಎರಡೇ ವರ್ಷ, ಸುಮ್ಮನೆ ಇದ್ದುಬಿಡು. ಗಂಜಿ ಕ್ಯಾನು ತೊಳೆಯುವವಳಿಗೆ ಬೇರೆ ಎಲ್ಲಾದರೂ ಕೆಲಸ ಸಿಕ್ಕೇ ಸಿಗುತ್ತದೆ. ಹೇಳುತ್ತ ಹೇಳುತ್ತ ಅವನಿಗೆ ತನ್ನ ದನಿಯೇ ಯಾರದೋ ದನಿಯ ಹಾಗೆ ಕೇಳಿಸಿತು.

"ಅವತ್ತು ನೀವು ಏನಂದ್ರಿ, ನೆನಪಿದೆಯಾ?" ಎಂದಳು ಹೆಂಡತಿ. "ಸೋಮಾರಿ ಅಂದ್ರಿ. ಥೂ ಅಂದ್ರಿ. ಒಳಗೇ ಬಿಡಬಾರದು ಅಂದ್ರಿ. ನಾನು ನಿಮ್ಮೆದುರಿಗೇ ಕೂತು ಅನ್ನ ತಿಂತಾ ಇದ್ದೆ."

ಮೇಸ್ತ್ರಿ ಎದ್ದು ಸಿಂಕಿನ ಹತ್ತಿರ ಹೋಗಿ ಕೈ ತೊಳೆದ. ಸಾಬೂನು ಹಚ್ಚಿ, ಉಜ್ಜಿ, ಮತ್ತೆ ಹಚ್ಚಿದ. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಒಂದು ಸಲ ಉಗಿದ.

"ನಾಳೆ ಬೆಳಿಗ್ಗೆ ನಾನೂ ಬರ್ತೀನಿ," ಎಂದ, ಬೆನ್ನು ತಿರುಗಿಸಿಕೊಂಡೇ.

ಸೂಪರಿಂಟೆಂಡೆಂಟರ ಕೋಣೆ ನೆಲಮಹಡಿಯಲ್ಲಿ, ಅಡುಗೆಮನೆಯಿಂದ ಮೂರನೇ ಬಾಗಿಲು. ಮೇಸ್ತ್ರಿ ಹೊರಗಿನ ಬೆಂಚಿನ ಮೇಲೆ ಕೂತ. ಹೆಂಡತಿ ಒಳಗೆ ಹೋಗುವ ಮುಂಚೆ ಏಪ್ರನ್ ಬಿಚ್ಚಿ, ಮಡಿಸಿ, ಅವನ ತೊಡೆಯ ಮೇಲಿಟ್ಟಳು. ಅರ್ಧ ಗಂಟೆಯಾಯಿತು. ಒಳಗಿನಿಂದ ಜೋರು ಮಾತೇನೂ ಕೇಳಿಬರಲಿಲ್ಲ. ಜೋರು ಮಾತು ಕೇಳಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವನಿಗೆ. ಬಾಗಿಲು ತೆರೆದುಕೊಂಡು ಬಂದ ಹೆಂಡತಿ ಅತ್ತಿರಲಿಲ್ಲ.

"ಕೆಲಸ ಬಿಡಿಸಲ್ಲವಂತೆ," ಎಂದಳು. "ಆದ್ರೆ ಒಲೆ ಹತ್ತಿರ ಇನ್ನು ಹೋಗೋ ಹಾಗಿಲ್ಲ. ತರಕಾರಿ ಹೆಚ್ಚೋದು, ತಟ್ಟೆ ಎಣಿಸೋದು. ಹೇಳೋಕೆ ಇಷ್ಟು ದಿನ ಯಾಕೆ ಬೇಕಾಯ್ತು ಅಂತ ಬರೆದುಕೊಡಬೇಕಂತೆ."

"ಅವಳು?"

"ವಾಪಸು ಬಾ ಅಂತ ಇವತ್ತೇ ಹೇಳಿಕಳಿಸ್ತಾರೆ."

ಕ್ಯಾನು ತೊಳೆಯುವವಳು ಮೂರನೇ ದಿನ ಕೆಲಸಕ್ಕೆ ಬಂದಳು. ಹೆಂಡತಿ ಅವಳ ಹತ್ತಿರ ಹೋಗಿ, ತಪ್ಪಾಯ್ತಮ್ಮ ಎಂದಳಂತೆ. ಅವಳು ಕೇಳಿಸಿಕೊಂಡು, ನಲ್ಲಿಯ ನೀರು ಜೋರು ಮಾಡಿಕೊಂಡಳಂತೆ. ಅಷ್ಟೇ. ಆಮೇಲೂ ಮಾತಾಡಲಿಲ್ಲ. ಹೆಂಡತಿಯ ಕೈಕೆಳಗೆ ಕೆಲಸ ಕಲಿತವಳೇ ಈಗ ಸೌಟು ಹಿಡಿದಿದ್ದಾಳೆ, ಕ್ಯಾರೆಟ್ ದಪ್ಪಗಾಯಿತು ಎಂದು ಎಲ್ಲರೆದುರು ಕೂಗುತ್ತಾಳೆ. ಇದನ್ನೆಲ್ಲ ಅವಳು ಮನೆಗೆ ಬಂದು ಒಂದೊಂದಾಗಿ ಹೇಳುತ್ತಿದ್ದಳು. ಮೇಸ್ತ್ರಿ ನಡುವೆ ಬಾಯಿ ಹಾಕದೆ ಕೇಳುತ್ತಿದ್ದ.

ಅದೇ ಆಸ್ಪತ್ರೆಯ ಮೂಗಿನ ಡಾಕ್ಟರು ಅವಳಿಗೆ ಸಣ್ಣ ಸಣ್ಣ ಶೀಷೆಗಳನ್ನು ಮೂಸಿಸಿ ನೋಡಿದರು. ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ದಿನಾ ಬೇರೆ ಬೇರೆ ವಾಸನೆ ಮೂಸಿ ನೋಡಬೇಕು. ಬರೀ ಮೂಸಿದರೆ ಸಾಲದು, ಅದು ಹೇಗಿತ್ತು ಎಂದು ಮನಸ್ಸಿನಲ್ಲಿ ನೆನೆಸಿಕೊಳ್ಳುತ್ತಿರಬೇಕು.

ಮಗಳಿಗೆ ವಿಷಯ ಗೊತ್ತಾಗಿ ಫೋನಿನಲ್ಲಿ ಅತ್ತಳು. ಆ ಪೆಟ್ಟಿಗೆ ಎಸೆದುಬಿಡಿ, ಬೇಡ ಎಂದಳು. ಇನ್ನೂ ಏಳು ಬಗೆ ಉಳಿದಿವೆ, ಇರಲಿ ಬಿಡು ಎಂದ ಮೇಸ್ತ್ರಿ.

ಅವತ್ತು ನಾಲ್ಕು ಗಂಟೆಗೆ ತೆಗೆದದ್ದು ಬಾದಾಮಿ ಮತ್ತು ಚೆರ್ರಿ. ಹೆಂಡತಿ ಹೊದಿಕೆಯನ್ನು ಓದದೆ ಮಡಿಸಿ ಪಕ್ಕಕ್ಕಿಟ್ಟಳು. ಮೇಸ್ತ್ರಿ ಒಂದು ಗುಟುಕು ಕುಡಿದ. ಮುಖ ತಾನಾಗಿಯೇ ಹಿಂಡಿಕೊಂಡಿತು.

"ಹೇಳಿ," ಎಂದಳು.

"ಅಸಹ್ಯ."

"ಅದು ಮುಖ ನೋಡಿದ್ರೇ ಗೊತ್ತಾಗುತ್ತೆ. ಎಂಥ ಅಸಹ್ಯ?"

ಮೇಸ್ತ್ರಿ ಸಿಂಕಿನ ಕಡೆ ಒಮ್ಮೆ ನೋಡಿದ. ಆಮೇಲೆ ಲೋಟ ಎತ್ತಿ ಎರಡನೇ ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು, ಆ ಕೆನ್ನೆಗೂ ಈ ಕೆನ್ನೆಗೂ ಹೊರಳಿಸಿದ. ಕಷ್ಟಪಟ್ಟು ನುಂಗಿದ.

"ಹೊಸ ರೆಕ್ಸಿನ್ ಚೀಲ ಇರುತ್ತಲ್ಲ. ಅದರೊಳಗೆ ಹಣ್ಣು ಇಟ್ಟು ಮರೆತ ಹಾಗೆ. ಮೊದಲು ರೆಕ್ಸಿನ್ ಬರುತ್ತೆ. ಹಣ್ಣು ಆಮೇಲೆ."

"ಕೊಳೆತಿದೆಯಾ?"

"ಕೊಳೆತಿಲ್ಲ. ಮೆತ್ತಗಾಗಿದೆ. ಕೊನೇಲೊಂದು ಸಿಹಿ ಬರುತ್ತೆ. ಹಣ್ಣಿನ ಸಿಹಿ ಅಲ್ಲ ಅದು. ಶಾಲೇಲಿ ಕಾಗದ ಅಂಟಿಸೋ ಗೋಂದು."

"ಬಿಳೀ ಗೋಂದಾ?"

"ಬಿಳೀದು."

ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು, ಬಗ್ಗಿ, ಮೂಗನ್ನು ಹಬೆಯ ಹತ್ತಿರ ತಂದಳು. ಕನ್ನಡಕ ಮಂಜು ಮಂಜಾಯಿತು. ಅದರ ಹಿಂದೆ ಕಣ್ಣು ಮುಚ್ಚಿದ್ದಳೋ ತೆರೆದಿದ್ದಳೋ ಕಾಣಲಿಲ್ಲ.

"ಆಮೇಲೆ?" ಎಂದಳು.

ಮೇಸ್ತ್ರಿ ಮೂರನೇ ಗುಟುಕಿಗೆ ಲೋಟ ಎತ್ತಿದ.